ಖಾಲಿ ಅಲ್ಲ, ಖುಷ್ಕಿ

1
ನವೆಂಬರ್ ಕೊನೇಲಿ ಯಾರನ್ನಾದ್ರೂ "ಭಾನುವಾರ ಹಳ್ಳಿ ಕಡೆ ಒಂದು ಸುತ್ತು ಹೋಗಿ ಬರೋಣ" ಅಂತ ಕರೆದು ನೋಡಿ. ಎಲ್ಲರ ಉತ್ತರ ಒಂದೇ. "ಈಗ ಏನಿದೆ ಅಲ್ಲಿ? ಎಲ್ಲ ಒಣಗಿರುತ್ತೆ. ಮಳೆಗಾಲದಲ್ಲಿ ಹೋಗೋಣ ಬಿಡು."

ಇದೇ ಜನ ಜುಲೈ ಬಂದ್ರೆ ಸಕಲೇಶಪುರಕ್ಕೆ, ಚಿಕ್ಕಮಗಳೂರಿಗೆ ಹೊರಡ್ತಾರೆ. ನೆಲಮಂಗಲ ದಾಟೋಕೇ ಎರಡು ಗಂಟೆ. ಮೇಲೆ ಹೋದ್ರೆ ಮಂಜು ಬಿಟ್ಟು ಬೇರೇನೂ ಕಾಣಲ್ಲ, ಕಾಲಿಗೆ ಜಿಗಣೆ, ಒದ್ದೆ ಸಾಕ್ಸು. ವಾಪಸ್ ಬಂದು "ನೇಚರ್ ಹೀಲ್ಸ್" ಅಂತ ಒಂದು ರೀಲ್. ಹೋಗ್ಲಿ, ಅವರ ಖುಷಿ ಅವರಿಗೆ.

ನನ್ನ ಅಭಿಪ್ರಾಯ ತಿರುವುಮುರುವು. ಬೆಂಗಳೂರಿನ ಈ ಪಶ್ಚಿಮದ ಅಂಚಲ್ಲಿ ಇರೋರಿಗೆ, ಅಂದ್ರೆ ಕೆಂಗೇರಿ, ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದವರಿಗೆ, ವರ್ಷದಲ್ಲಿ ಹೊರಗೆ ಹೋಗೋಕೆ ಅತಿ ಒಳ್ಳೆ ದಿನ ಅಂದ್ರೆ ಕಾರ್ತೀಕ ಮುಗಿದು ಮಾರ್ಗಶಿರ ಶುರುವಾಗೋ ಹೊತ್ತಿನ ಒಂದು ಒಣ ದಿನ. ಹಸಿರು ಕಮ್ಮಿ ಆಗಿ ಎಲ್ಲ ಕಂದು ಬಣ್ಣಕ್ಕೆ ತಿರುಗಿದ ದಿನ. ಮೋಡ ಇಲ್ಲ, ಕೆಸರಿಲ್ಲ, ಬೆವರೂ ಇಲ್ಲ.

"ಏನಿದೆ ಅಲ್ಲಿ" ಅನ್ನೋ ಪ್ರಶ್ನೆ ಇದೆಯಲ್ಲ, ಅದು ಬರೀ ಸೋಮಾರಿತನದ ಮಾತಲ್ಲ ಅಂತ ನನಗೆ ಈಚೆಗೆ ಅನಿಸ್ತಿದೆ. ಆ ಮಾತಿಗೆ ಕಾಸಿನ ಲೆಕ್ಕವೂ ಇದೆ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಹೋಗೋದು ಹೇಗೆ ಅಂತ ಹೇಳ್ತೀನಿ.

2
ದೂರ ಹೋಗೋದು ಬೇಡ. 2021ರ ಆಗಸ್ಟ್‌ನಲ್ಲಿ ನೇರಳೆ ಮೆಟ್ರೋ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದ ತನಕ ಹೋಯ್ತು. ವಿಜಯನಗರದಿಂದ ಕೂತ್ರೆ ಕೆಂಗೇರಿಗೆ ಬೇಗ ಬರ್ತೀರಿ. ಇಲ್ಲಿಂದ ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿ ಕಡೆ ಹೋಗೋ ಬಿಎಂಟಿಸಿ ಬಸ್ ಹತ್ತಿ. ನಂಬರ್ ಹೇಳಲ್ಲ, ಅದು ಬದಲಾಗ್ತಾ ಇರುತ್ತೆ, ಕಂಡಕ್ಟರ್‌ನ ಕೇಳಿ. ಹುಡುಗೀರಿಗೆ ಆಧಾರ್ ಕಾರ್ಡ್ ಸಾಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಪಿಕ್‌ನಿಕ್ಕಿಗೆ ಅಮ್ಮನ ಹತ್ತಿರ ದುಡ್ಡು ಕೇಳೋ ಕಷ್ಟ ಅಷ್ಟರಮಟ್ಟಿಗೆ ತಪ್ಪಿತು.

ಎಲ್ಲರೂ ದೊಡ್ಡ ಆಲದ ಮರದ ಹತ್ತಿರ ಇಳೀತಾರೆ. ಅದೂ ನೋಡೋ ಜಾಗವೇ. ಸುಮಾರು ನಾನೂರು ವರ್ಷದ್ದು ಅಂತಾರೆ, ಮೂರು ಎಕರೆಯಷ್ಟು ಹಬ್ಬಿದೆ. ಮೂಲ ಕಾಂಡ ರೋಗ ಬಂದು ಹೋಗಿಬಿಟ್ಟಿದೆ, ಈಗ ಇರೋದೆಲ್ಲ ಬಿಳಲು ಇಳಿದು ಬೇರೂರಿ ಆದ ಮರಗಳು. ಅಜ್ಜಿ ಹೋದ ಮೇಲೂ ಒಟ್ಟಿಗೇ ಇರೋ ಮನೆ ಥರ. ಆದ್ರೆ ಅಲ್ಲಿ ಕೋತಿಗಳ ಕಾಟ, ಚುರುಮುರಿ ಪೊಟ್ಟಣ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಇಡೋ ಹಾಗಿಲ್ಲ. ಭಾನುವಾರ ಅಂತೂ ಜಾತ್ರೆ. ಅದಕ್ಕೇ ಹೇಳೋದು, ಮರ ನೋಡಿ, ಆದ್ರೆ ಮರಕ್ಕೆ ಎರಡು ಸ್ಟಾಪ್ ಮುಂಚೆ ಇಳಿದು ನಡ್ಕೊಂಡು ಹೋಗಿ. ನಾನು ಹೇಳೋ ದಿನ ಇರೋದು ಆ ಎರಡು ಸ್ಟಾಪ್ ಮಧ್ಯದಲ್ಲಿ.

3
ಬೆಳಿಗ್ಗೆ ಎಂಟಕ್ಕೆ ಇಳಿದ್ರೆ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಇರುತ್ತೆ, ಶೂ ನೆನೆಯುತ್ತೆ. ಒಂಬತ್ತೂವರೆ ಹೊತ್ತಿಗೆ ಅದೆಲ್ಲ ಮಾಯ. ಆಮೇಲೆ ಬರೋ ಬಿಸಿಲು ಏಪ್ರಿಲ್ ಬಿಸಿಲಿನ ಥರ ತಲೆ ಮೇಲೆ ಹೊಡೆಯಲ್ಲ, ಪಕ್ಕದಿಂದ ಬೀಳುತ್ತೆ. ಮಧ್ಯಾಹ್ನ ಹನ್ನೆರಡಕ್ಕೂ ನಿಮ್ಮ ನೆರಳು ನಿಮ್ಮ ಜೊತೆ ಉದ್ದಕ್ಕೆ ಬರ್ತಾ ಇರುತ್ತೆ. ಇದು ಫೋಟೋ ತೆಗೆಯೋರಿಗೆ ಗೊತ್ತು, ಉಳಿದೋರಿಗೆ ಮೈಗೆ ಗೊತ್ತಾಗುತ್ತೆ. ಗಾಳಿ ಒಣಗಾಳಿ, ತುಟಿ ಸ್ವಲ್ಪ ಬಿರಿಯುತ್ತೆ, ವ್ಯಾಸಲೀನ್ ಇಟ್ಕೊಳ್ಳಿ.

ವಾಸನೆ ಬಗ್ಗೆ ಯಾರೂ ಹೇಳಲ್ಲ. ಮಣ್ಣಿನ ವಾಸನೆ ಅಂದ್ರೆ ಎಲ್ಲರಿಗೂ ಮೊದಲ ಮಳೆ ನೆನಪಾಗುತ್ತೆ. ಒಣಹುಲ್ಲಿನ ವಾಸನೆಗೆ ಯಾಕೋ ಆ ಮರ್ಯಾದೆ ಸಿಕ್ಕಿಲ್ಲ. ಕೊಯ್ದು ಎರಡು ದಿನ ಆದ ರಾಗಿ ಹುಲ್ಲಿನ ಪಕ್ಕ ಹತ್ತು ನಿಮಿಷ ಕೂತು ನೋಡಿ. ಸ್ವಲ್ಪ ಸಿಹಿ, ಸ್ವಲ್ಪ ಧೂಳು, ಬಿಸಿಲಿಗೆ ಹಾಕಿದ ರಗ್ಗಿನ ಥರ ಒಂದು ಬೆಚ್ಚಗಿನ ವಾಸನೆ. ಪ್ಯಾಂಟಿಗೆ ಉತ್ತರಾಣಿ ಬೀಜ ಅಂಟ್ಕೊಂಡಿರುತ್ತೆ, ಮನೆಗೆ ಬಂದು ಕಿತ್ತು ಹಾಕ್ತಾ ಕೂರಬೇಕು, ಅದೊಂದೇ ಖರ್ಚು.

ಸಂಜೆ ಬೇಗ ಆಗುತ್ತೆ. ಆರಕ್ಕೆ ಹತ್ತು ನಿಮಿಷ ಇದ್ದ ಹಾಗೆ ಸೂರ್ಯ ಹೋಗಿಬಿಡ್ತಾನೆ. ಐದೂವರೆಗೆ ಬಸ್ ಸ್ಟಾಪಲ್ಲಿ ಇರಿ.

4
ಈಗ ಹೊಲ. ಮೊದಲ ಎರಡು ಫೋಟೋ ನೋಡಿ. ನೋಡಿದ ತಕ್ಷಣ ಏನನಿಸುತ್ತೆ? ಒಣಗಿ ಬಿದ್ದ ಹುಲ್ಲು, ಅಷ್ಟೇ. ನನಗೂ ಮೊದಲು ಕಂಡಿದ್ದು ಅಷ್ಟೇ.

ಅದು ರಾಗಿ. ಬಿದ್ದಿರೋದಲ್ಲ, ಮಲಗಿಸಿರೋದು. ಬುಡಕ್ಕೆ ಕೊಯ್ದು ಸಾಲು ಸಾಲಾಗಿ ತೆನೆ ಒಂದೇ ಕಡೆಗೆ ಬರೋ ಹಾಗೆ ಮಲಗಿಸ್ತಾರೆ. ಇದಕ್ಕೆ ಅರಿ ಅಂತಾರೆ. ಅರಿ ಕೆಲವು ದಿನ ಬಿಸಿಲಿಗೆ ಒಣಗಬೇಕು. ಆಮೇಲೆ ಕಂತೆ ಕಟ್ಟೋದು, ಅದು ಸಿವುಡು. ಸಿವುಡು ಎಲ್ಲ ತಂದು ಒಟ್ಟಿದ್ರೆ ಮೆದೆ. ಆಮೇಲೆ ಒಕ್ಕಣೆ, ತೂರೋದು, ರಾಶಿ. ಒಂದೊಂದು ಹಂತಕ್ಕೂ ಒಂದೊಂದು ಹೆಸರು. ನಾವು ಎಲ್ಲದಕ್ಕೂ ಸೇರಿಸಿ "ಡ್ರೈ ಗ್ರಾಸ್" ಅಂತ ಕ್ಯಾಪ್ಷನ್ ಹಾಕ್ತೀವಿ.

ಮೂರನೇ ಫೋಟೋದಲ್ಲಿ ರಾಗಿ ಕೊಯ್ದ ಹೊಲದ ಮಧ್ಯೆ ಉದ್ದಕ್ಕೆ ಹಸಿರು ಗೆರೆಗಳು ಕಾಣ್ತವೆ ನೋಡಿ. ಅದು ಅಕ್ಕಡಿ ಸಾಲು. ರಾಗಿ ಬಿತ್ತುವಾಗಲೇ ಕೆಲವು ಸಾಲಿಗೊಂದು ಸಾಲು ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು ಹಾಕಿರ್ತಾರೆ. ರಾಗಿ ಇರೋ ತನಕ ಅವರೆ ಸುಮ್ಮನೆ ಅದರ ನೆರಳಲ್ಲಿ ಇರುತ್ತೆ. ರಾಗಿ ಕೊಯ್ದ ಮೇಲೆ ಜಾಗ ಸಿಕ್ತು ಅಂತ ಕೈಕಾಲು ಚಾಚುತ್ತೆ. ನೆಲದಲ್ಲಿ ಉಳಿದ ತೇವ, ರಾತ್ರಿಯ ಇಬ್ಬನಿ, ಅಷ್ಟರಲ್ಲೇ ಹೂ ಬಿಟ್ಟು ಕಾಯಿ ಕಟ್ಟುತ್ತೆ. ಹಳೇ ನಾಟಿ ಅವರೆಗೆ ಹಗಲು ಚಿಕ್ಕದಾದ್ರೇನೇ ಹೂ ಬರೋದು, ಅದಕ್ಕೇ ಅದು ಚಳಿಗಾಲದ ಕಾಯಿ. ಈಗ ವರ್ಷವಿಡೀ ಸಿಗೋ ಅವರೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರ ಎಚ್‌ಎ-3, ಎಚ್‌ಎ-4 ಥರದ್ದು, ಹಗಲಿನ ಲೆಕ್ಕ ನೋಡಲ್ಲ. ತಿಂದು ನೋಡಿ ಹೇಳಿ, ಮಾಗಡಿ ಕಡೆ ಸೊಗಡವರೆ ಮುಂದೆ ಮೇ ತಿಂಗಳ ಅವರೆ ಒಂದು ಅವರೆನಾ? ನಮ್ಮನೇಲಿ ಹಿತಕಿದ ಬೇಳೆ ಸಾರು ಡಿಸೆಂಬರ್ ಬಿಟ್ಟು ಬೇರೆ ತಿಂಗಳು ಮಾಡೋದೇ ಇಲ್ಲ.

ಅಂದ್ರೆ ನಮಗೆ "ಮುಗಿದುಹೋಗಿದೆ" ಅನ್ನಿಸೋ ಹೊಲದಲ್ಲಿ ಎರಡನೇ ಬೆಳೆ ನಡೀತಾ ಇದೆ. ಅದೂ ಮುಗಿದ ಮೇಲೆ ಕೆಲವು ಕಡೆ ಕುರಿ ಮಂದೆ ನಿಲ್ಲಿಸ್ತಾರೆ, ಗೊಬ್ಬರಕ್ಕೆ.

5
ರಾಮೋಹಳ್ಳಿಯಿಂದ ಸ್ವಲ್ಪ ಒಳಗೆ ಒಂದು ಹೊಲದ ಬದುವಿನ ಮೇಲೆ ಕೂತು ಚಿತ್ರಾನ್ನ ತಿಂತಿದ್ವಿ. ಅರಿ ತಿರುವಿ ಹಾಕ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದರು.

"ಯಾವೂರವ್ವ?"

"ಕೆಂಗೇರಿ ಅಜ್ಜಿ."

"ಇಲ್ಲೇನ್ ನೋಡಕ್ಕೆ ಬಂದ್ರಿ?"

ಏನು ಹೇಳೋದು. "ಹೀಗೇ, ಸುಮ್ನೆ" ಅಂದೆ. ಅವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ನನ್ನ ಕೈಲಿದ್ದ ಫೋನ್ ನೋಡಿ, "ಅದ್ರಲ್ಲಿ ಮಳೆ ಗಿಳೆ ಐತಾ ನೋಡವ್ವ" ಅಂದರು.

ನೋಡಿದೆ. ಐದು ದಿನ ಮಳೆ ಇಲ್ಲ ಅಂತಿತ್ತು. ಹೇಳಿದೆ. "ಸದ್ಯ" ಅಂದು ವಾಪಸ್ ಹೋಗಿ ಅರಿ ತಿರುವೋಕೆ ಶುರು ಮಾಡಿದರು.

ಆ "ಸದ್ಯ" ಯಾಕೆ ಅಂತ ಗೊತ್ತಾಗ್ಬೇಕಾದ್ರೆ 2021ರ ನವೆಂಬರ್ ನೆನಪು ಮಾಡ್ಕೊಳ್ಳಿ. ಹಿಂಗಾರು ಬಿಡದೆ ಸುರಿದು ದಕ್ಷಿಣ ಕರ್ನಾಟಕದ ಎಷ್ಟೋ ಕಡೆ ರಾಗಿ ಹೊಲದಲ್ಲೇ ಕೊಳೀತು, ತೆನೆಯಲ್ಲೇ ಮೊಳಕೆ ಬಂತು. 2024ರಲ್ಲಿ ನವೆಂಬರ್ ಮುಗಿಯೋ ದಿನ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತು. ಬೆಂಗಳೂರಲ್ಲಿ ನಮಗೆ ಅದು ಎರಡು ಮೂರು ದಿನ ಜಿಟಿಜಿಟಿ, ಸ್ವೆಟರ್, ಬಿಸಿ ಬಜ್ಜಿ. "ಊಟಿ ಆಗಿಬಿಟ್ಟಿದೆ ಬೆಂಗಳೂರು" ಅಂತ ಸ್ಟೋರಿ ಹಾಕಿದೋರು ಎಷ್ಟು ಜನ! ಅದೇ ಮೂರು ದಿನದಲ್ಲಿ ಕೊಯ್ದು ಮಲಗಿಸಿದ ಅರಿ ಮೇಲೆ ನೀರು ನಿಂತ್ರೆ ಕಾಳು ಕಪ್ಪಾಗುತ್ತೆ, ಹುಲ್ಲು ಮುಗ್ಗಲು ಹಿಡಿಯುತ್ತೆ. ಹುಲ್ಲು ಹೋಯ್ತು ಅಂದ್ರೆ ಬೇಸಿಗೆ ಪೂರ್ತಿ ಹಸುವಿನ ಊಟ ಹೋಯ್ತು.

ಜೂನ್, ಜುಲೈನಲ್ಲಿ ಬಿತ್ತಿದವರು ಮಳೆಗೆ ಕಾಯ್ತಾರೆ, ಅದು ನಮಗೆ ಗೊತ್ತು. ಪದ್ಯ, ಸಿನಿಮಾ ಹಾಡು ಎಲ್ಲದರಲ್ಲೂ ಅದೇ. ಅದೇ ಜನ ನವೆಂಬರಲ್ಲಿ ಒಣ ದಿನಕ್ಕೆ ಅಷ್ಟೇ ಕಾಯ್ತಾರೆ ಅನ್ನೋದು ಯಾವ ಹಾಡಲ್ಲೂ ನಾನು ಕೇಳಿಲ್ಲ. ನಾವು ಜಾಕೆಟ್ ಹಾಕ್ಕೊಂಡು ಆನಂದ ಪಡೋ ಆ ನೀಲಿ ಆಕಾಶ, ಯಾರೋ ಒಂದು ವರ್ಷದ ಕೂಳಿಗೆ ಬೇಡ್ಕೊಂಡ ಆಕಾಶ.

6
ಒಂದು ಪದ ಹೇಳ್ತೀನಿ. ಪಹಣಿ ನೋಡಿದೋರಿಗೆ ಗೊತ್ತಿರುತ್ತೆ, ಜಮೀನನ್ನ ಖುಷ್ಕಿ, ತರಿ, ಬಾಗಾಯ್ತು ಅಂತ ಭಾಗ ಮಾಡಿರ್ತಾರೆ. ಬಾಗಾಯ್ತು ಅಂದ್ರೆ ತೋಟ. ತರಿ ಅಂದ್ರೆ ನೀರಾವರಿ ಗದ್ದೆ. ಖುಷ್ಕಿ ಅಂದ್ರೆ ಮಳೆ ನಂಬಿದ ಒಣಭೂಮಿ. ಪಾರ್ಸಿಯಿಂದ ಬಂದ ಮಾತು, ಅಲ್ಲಿ ಖುಷ್ಕ್ ಅಂದ್ರೇನೇ ಒಣಗಿದ್ದು. ಬೇಸಾಯಕ್ಕೆ ಬರದ ಜಾಗಕ್ಕೆ ಬೇರೆಯೇ ಹೆಸರಿದೆ, ಖರಾಬು. ಅಂದ್ರೆ ತೆರಿಗೆ ಎಣಿಸೋಕೆ ಕೂತ ಕಾಲದ ಗುಮಾಸ್ತನಿಗೂ ಒಣ ಅನ್ನೋದು ಬೇರೆ, ಕೆಲಸಕ್ಕೆ ಬಾರದ್ದು ಅನ್ನೋದು ಬೇರೆ ಅಂತ ಗೊತ್ತಿತ್ತು. ಖುಷ್ಕಿಯಲ್ಲಿ ಒಂದು ಒತ್ತು ತೆಗೆದ್ರೆ ಖುಷಿ ಆಗುತ್ತೆ, ಇದು ನನ್ನ ಫ್ರೆಂಡ್ ಮಾಡಿದ ಜೋಕು, ಕ್ಷಮಿಸಿ.

ನಾವು ಕಳ್ಕೊಂಡಿರೋದು ಈ ವ್ಯತ್ಯಾಸವನ್ನೇ. ನಮ್ಮ ಬಾಯಲ್ಲಿ ಈಗ ಇರೋದು ಒಂದೇ ಪದ, "ಖಾಲಿ". ಬಸ್ಸಿನ ಕಿಟಕಿಯಿಂದ ನೋಡಿ "ಎಷ್ಟೊಂದು ಖಾಲಿ ಜಾಗ ಇದೆ ನೋಡು ಇಲ್ಲಿ" ಅಂತೀವಿ. ಜುಲೈಲಿ ಯಾರೂ ಹಾಗನ್ನಲ್ಲ, ಆಗ ಹಸಿರಿರುತ್ತೆ. ಡಿಸೆಂಬರಲ್ಲಿ ಅಂತೀವಿ. ಸೈಟ್ ತೋರಿಸೋಕೆ ಕರ್ಕೊಂಡು ಬರೋ ಕಾರುಗಳೂ ಈ ಕಾಲದಲ್ಲೇ ಜಾಸ್ತಿ ಅಂತ ನನಗೆ ಕಂಡಿದ್ದು. ಕೆಸರಿರಲ್ಲ, ಕಾರು ಹೊಲದ ತನಕ ಹೋಗುತ್ತೆ, ನೆಲ ಬೋಳಾಗಿ ಕಾಣುತ್ತೆ, ಅಳತೆ ಕಲ್ಲು ದೂರದಿಂದಲೇ ಕಾಣುತ್ತೆ.

7
"ಹಸಿರೇ ಜೀವ ಅಲ್ವಾ" ಅಂತ ಕೇಳೋರಿಗೆ ಒಂದು ಪುಟ್ಟ ಪ್ರವಾಸ ಹೇಳ್ತೀನಿ. ಇದೇ ಡಿಸೆಂಬರಲ್ಲಿ ಸುತ್ತಮುತ್ತ ಎಲ್ಲ ಕಂದಾಗಿರುವಾಗ ಕಣ್ಣು ಕುಕ್ಕೋ ಹಸಿರು ಬೇಕಾ? ಮೈಸೂರು ರಸ್ತೆ ಹಿಡಿದು ಬಿಡದಿ ಕಡೆ, ಬೈರಮಂಗಲ ಕೆರೆ ಕೆಳಗೆ ಹೋಗಿ. ಬೇಬಿಕಾರ್ನ್, ಹಿಪ್ಪುನೇರಳೆ, ಆಳೆತ್ತರದ ಮೇವಿನ ಹುಲ್ಲು. ನೀರು ಯಾವುದು ಅಂದ್ರೆ ನಮ್ಮ ವೃಷಭಾವತಿ. ಕೆಂಗೇರಿಯಲ್ಲಿ ನಾವು ಮೂಗು ಮುಚ್ಕೊಂಡು ದಾಟೋ ಅದೇ ವೃಷಭಾವತಿ, ನಗರದ ಅರ್ಧ ಬಚ್ಚಲು ಹೊತ್ಕೊಂಡು ಅಲ್ಲಿಗೆ ಹೋಗಿ ಕೆರೆ ತುಂಬುತ್ತೆ. ಮಳೆ ಬರಲಿ ಬಿಡಲಿ ನಾವು ಸ್ನಾನ ಮಾಡೋದು ನಿಲ್ಲಿಸಲ್ಲ, ಹಾಗಾಗಿ ಆ ಹೊಲಗಳಿಗೆ ಬೇಸಿಗೆ ಅನ್ನೋದೇ ಇಲ್ಲ.

ಅಲ್ಲಿನ ರೈತರನ್ನ ನಾನು ದೂರಲ್ಲ. ಕಳಿಸ್ತಿರೋದು ನಾವು. ಹೇಳ್ತಿರೋದು ಇಷ್ಟೇ, ಬಣ್ಣ ನೋಡಿ ಆರೋಗ್ಯ ಅಳೆಯೋ ಅಭ್ಯಾಸ ಈ ಕಡೆ ನಡೆಯಲ್ಲ. ಇಲ್ಲಿ ಕಂದು ಬಣ್ಣದ ಹೊಲ ಮಳೆ ನೀರು ಕುಡಿದು ಮಾಗಿದ್ದು. ಹಚ್ಚಹಸಿರಿನ ಹೊಲ ಏನು ಕುಡಿದಿದೆ ಅಂತ ಮೂಗಿಗೇ ಗೊತ್ತಾಗುತ್ತೆ.

8
ಈಗ ಕಾಸಿನ ಲೆಕ್ಕ. ಬಿಕಾಂ ಓದ್ತಿರೋದಕ್ಕೆ ಇಷ್ಟಾದರೂ ಮಾಡಬೇಕಲ್ಲ.

ಒಂದು ಎಕರೆ ಅಂದ್ರೆ 40 ಗುಂಟೆ. ಒಂದು ಗುಂಟೆ 1,089 ಚದರ ಅಡಿ. ನಮ್ಮೆಲ್ಲರ ಅಪ್ಪಂದಿರ ಕನಸಾದ 30-40 ಸೈಟ್ 1,200 ಚದರ ಅಡಿ, ಅಂದ್ರೆ ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ. ಒಳ್ಳೆ ವರ್ಷ ಎಕರೆಗೆ ಹತ್ತು ಕ್ವಿಂಟಾಲ್ ರಾಗಿ ಅಂತ ಇಟ್ಕೊಳ್ಳಿ. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಒಂದು ಸೈಟಿನಷ್ಟು ಜಾಗದಲ್ಲಿ ಬೆಳೆಯೋದು ಸುಮಾರು ಇಪ್ಪತ್ತೇಳೂವರೆ ಕೆಜಿ. ಬೆಲೆ 1,350 ರೂಪಾಯಿ ಒಳಗೆ. ಅದರಲ್ಲೇ ಉಳುಮೆ, ಬೀಜ, ಗೊಬ್ಬರ, ಕಳೆ, ಕೊಯ್ಲಿನ ಕೂಲಿ ಎಲ್ಲ ಕಳೀಬೇಕು. ಅದೇ ಅಳತೆ ಜಾಗಕ್ಕೆ ಈ ಕಡೆ ಏನು ರೇಟು ನಡೀತಿದೆ ಅಂತ ನಿಮಗೇ ಗೊತ್ತು, ನಾನು ಬರೆಯೋ ಹೊತ್ತಿಗೆ ಅದು ಇನ್ನೊಂದಿಷ್ಟು ಏರಿರುತ್ತೆ.

ಈ ಲೆಕ್ಕ ಮುಂದೆ ಇಟ್ಕೊಂಡು "ಅಯ್ಯೋ ರೈತರು ಜಮೀನು ಮಾರ್ತಾರೆ" ಅಂತ ಬೇಜಾರು ಪಡೋಕೆ ನನಗೆ ಬಾಯಿ ಬರಲ್ಲ. ಮಗಳ ಮದುವೆ, ಮಗನ ಇಂಜಿನಿಯರಿಂಗ್ ಸೀಟು, ಆಸ್ಪತ್ರೆ ಬಿಲ್ಲು, ಯಾವುದೂ ರಾಗಿಯಲ್ಲಿ ಹುಟ್ಟಲ್ಲ. ಮಾರೋರು ಮಾರಲಿ, ಅದು ಅವರ ಆಸ್ತಿ. ನಾನು ಇರೋ ಕೆಂಗೇರಿ ಉಪನಗರ ಏನು ಆಕಾಶದಿಂದ ಬಿತ್ತಾ? ಅದೂ ಹೊಲವೇ.

ಆದ್ರೆ ಇದೇ ಲೆಕ್ಕಕ್ಕೆ ಇನ್ನೊಂದು ಕಾಲಂ ಇದೆ. ಮುದ್ದೆಗೆ 120 ಗ್ರಾಂ ಹಿಟ್ಟು ಅಂತ ಹಿಡಿದ್ರೆ ಆ ಇಪ್ಪತ್ತೇಳೂವರೆ ಕೆಜಿ ಒಬ್ಬರಿಗೆ ದಿನಕ್ಕೊಂದು ಮುದ್ದೆಯಂತೆ ಏಳು ತಿಂಗಳು ದಾಟುತ್ತೆ. ನಿಮ್ಮ ಮನೆ ಹಾಲು, ಅಡುಗೆಮನೆ, ಎರಡು ಬೆಡ್‌ರೂಮು ಸೇರಿದ ಜಾಗ, ವರ್ಷಾ ವರ್ಷಾ, ಬರೀ ಮಳೆ ನೀರಲ್ಲಿ. ಅಕೌಂಟಿಂಗ್ ಕ್ಲಾಸಲ್ಲಿ ಮೊದಲ ವರ್ಷವೇ ಹೇಳ್ಕೊಡ್ತಾರೆ, ಕಟ್ಟಡಕ್ಕೆ ಸವಕಳಿ ಇದೆ, ಯಂತ್ರಕ್ಕೆ ಇದೆ, ಭೂಮಿಗೆ ಇಲ್ಲ ಅಂತ. ಪರೀಕ್ಷೆಗೆ ಉರು ಹೊಡೆದಿದ್ದೆ. ಅರ್ಥ ಆಗಿದ್ದು ಆ ಬದುವಿನ ಮೇಲೆ.

9
"ಖಾಲಿ" ಅನ್ನೋ ಮಾತಿಗೆ ದೊಡ್ಡ ಉದಾಹರಣೆ ಬೇಕಿದ್ರೆ ಬಸ್ ಕಿಟಕಿಯಲ್ಲೇ ಸಿಗುತ್ತೆ. ನಾಡಪ್ರಭು ಕೆಂಪೇಗೌಡ ಬಡಾವಣೆ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ಮಧ್ಯೆ 12 ಹಳ್ಳಿಗಳ ಜಮೀನು. ಚಲ್ಲಘಟ್ಟ, ಕೊಮ್ಮಘಟ್ಟ, ಸೂಲಿಕೆರೆ, ಕೆಂಚನಪುರ, ರಾಮಸಂದ್ರ, ಭೀಮನಕುಪ್ಪೆ ಎಲ್ಲ ಅದರಲ್ಲೇ. ಬಿಡಿಎ 2008ರಲ್ಲಿ ಮೊದಲ ಅಧಿಸೂಚನೆ, 2010ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿತು, 4,043 ಎಕರೆಗೆ. ಆ ಅಂತಿಮ ಅಧಿಸೂಚನೆ ಬಂದಾಗ ನಾನು ಅಂಗನವಾಡಿಯಲ್ಲಿದ್ದೆ. ಈಗ ಡಿಗ್ರಿಯಲ್ಲಿದ್ದೀನಿ. ಬಸ್ಸಲ್ಲಿ ಹೋಗ್ತಾ ನೋಡಿದ್ರೆ ರಸ್ತೆ ಇದೆ, ಚರಂಡಿ ಇದೆ, ನಂಬರ್ ಬರೆದ ಕಲ್ಲುಗಳಿವೆ. ಮನೆಗಳು ಅಲ್ಲೊಂದು ಇಲ್ಲೊಂದು. ಎಷ್ಟೋ ಕಡೆ ಪಾರ್ಥೇನಿಯಂ ಎದೆ ಮಟ್ಟ ಬೆಳೆದಿದೆ, ಹಸು ಮೇಯ್ತಿವೆ.

ಆರನೇ ಫೋಟೋ, ಏಳನೇ ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ರಾಗಿ ಕೊಯ್ದ ಹೊಲ, ಇನ್ನೊಂದರಲ್ಲಿ ಹಂಚಿಕೆ ಆದ ಸೈಟುಗಳು. ಎರಡೂ ಒಂದೇ ದಿನ, ಒಂದೇ ಬೆಳಕಲ್ಲಿ ತೆಗೆದದ್ದು. ಖಾಲಿ ಯಾವುದು?

ನಗರ ಬೆಳೀಬೇಕು, ಜನಕ್ಕೆ ಮನೆ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ನೋಡೋ ಕಣ್ಣಿನ ಮೇಲೆ. ಒಂದು ಹೊಲವನ್ನ "ಇಲ್ಲೇನೂ ಇಲ್ಲ" ಅಂತ ಮೊದಲೇ ತೀರ್ಮಾನ ಮಾಡಿದೋರಿಗೆ ಅದನ್ನ ತಗೊಂಡು ಹದಿನೈದು ವರ್ಷ ಸುಮ್ಮನೆ ಬಿಟ್ರೂ ಏನೂ ನಷ್ಟ ಆದ ಹಾಗೆ ಅನಿಸಲ್ಲ. ಹದಿನೈದು ವರ್ಷ ಅಂದ್ರೆ ಹದಿನೈದು ರಾಗಿ, ಹದಿನೈದು ಅವರೆ. ಯಾವ ಪುಸ್ತಕದಲ್ಲೂ ಅದರ ಎಂಟ್ರಿ ಇಲ್ಲ.

10
ರಸ್ತೆ ಮೇಲೆ ರಾಗಿ ಹರಡೋದರ ಬಗ್ಗೆ ಕಾಮೆಂಟಲ್ಲಿ ಜಗಳ ಆಗೋದು ಗ್ಯಾರಂಟಿ, ಅದಕ್ಕೆ ಮೊದಲೇ ಹೇಳ್ಬಿಡ್ತೀನಿ. ಹೌದು, ತಪ್ಪು. ಬೈಕ್ ಸ್ಕಿಡ್ ಆಗುತ್ತೆ, ಹುಲ್ಲು ಚಕ್ರಕ್ಕೆ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತೋ ಅಪಾಯ ಇದೆ, ರಾಗಿಗೂ ಕಲ್ಲು, ಆಯಿಲ್ ಸೇರುತ್ತೆ. ಮಾಡಬೇಡಿ ಅಂತ ಅಧಿಕಾರಿಗಳು ಪ್ರತಿ ಸುಗ್ಗಿಗೂ ಹೇಳ್ತಾರೆ, ಸರಿಯಾಗೇ ಹೇಳ್ತಾರೆ.

ಆದ್ರೆ ಮೊದಲು ಇದು ಎಲ್ಲಿ ನಡೀತಿತ್ತು? ಕಣದಲ್ಲಿ. ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲು ಉರುಳಿಸ್ತಿದ್ದ ಜಾಗ. ವರ್ಷದಲ್ಲಿ ಒಂದೂವರೆ ತಿಂಗಳು ಮಾತ್ರ ಕೆಲಸಕ್ಕೆ ಬರೋ, ಉಳಿದ ದಿನ "ಖಾಲಿ" ಕಾಣೋ ಜಾಗ. ಚದರ ಅಡಿ ಲೆಕ್ಕ ಬಂದ ಊರಲ್ಲಿ ಮೊದಲು ಹೋಗೋದು ಅದೇ. ಎತ್ತೂ ಇಲ್ಲ, ಆಳೂ ಸಿಗಲ್ಲ. ಉಳಿದಿದ್ದು ಡಾಂಬರು ರಸ್ತೆ, ಮೇಲೆ ಓಡಾಡೋ ನಮ್ಮ ಕಾರು. ಈಗ ಬಾಡಿಗೆ ಮಿಷನ್ ಬಂದಿದೆ, ಗಂಟೆ ಲೆಕ್ಕ, ಎಕರೆ ಎರಡೆಕರೆ ಇರೋರ ಸರದಿ ಬರೋದು ಕೊನೆಗೆ. ಪಂಚಾಯ್ತಿಗೊಂದು ಸಿಮೆಂಟ್ ಕಣ ಇದ್ರೆ ಈ ಜಗಳದ ಮುಕ್ಕಾಲು ಭಾಗ ಮುಗೀತಿತ್ತು. ಅಲ್ಲಿ ತನಕ ರಾಗಿ ಕಂಡ್ರೆ ನಿಧಾನಕ್ಕೆ ಹೋಗಿ, ಹಾರ್ನ್ ಹೊಡೀಬೇಡಿ, ರೀಲ್ ಮಾಡ್ತಾ ಮೇಲೆ ಬೈಕ್ ಓಡಿಸ್ಬೇಡಿ.

11
ಹೋಗೋರಿಗೆ ಇನ್ನೊಂದಿಷ್ಟು ಮಾತು. ಅರಿ ತುಳೀಬೇಡಿ, ತುಳಿದ್ರೆ ಕಾಳು ಉದುರುತ್ತೆ. ಮೆದೆ ಮೇಲೆ ಹತ್ತಿ ಫೋಟೋ ಬೇಡ. ಮೆದೆಯಲ್ಲಿ ಇಲಿ ಇರುತ್ತೆ, ಇಲಿ ಇದ್ದ ಕಡೆ ಹಾವಿರುತ್ತೆ, ಮಿಕ್ಕಿದ್ದು ನಿಮಗೆ ಬಿಟ್ಟಿದ್ದು. "ಒಂದು ಹಿಡಿ ಅವರೆಕಾಯಿ ತಾನೇ" ಅಂತ ಕೀಳೋರಿದ್ದಾರೆ. ದಿನಕ್ಕೆ ನಲವತ್ತು ಜನ ಒಂದೊಂದು ಹಿಡಿ ಕಿತ್ರೆ ಎಷ್ಟಾಯ್ತು ಅಂತ ಲೆಕ್ಕ ಹಾಕೋಕೆ ಬಿಕಾಂ ಬೇಡ. ಕೇಳಿ, ದುಡ್ಡು ಕೊಟ್ಟು ತಗೊಳ್ಳಿ. ಅಂಗಡಿಗಿಂತ ತಾಜಾ ಸಿಗುತ್ತೆ, ಅವರಿಗೂ ಮಧ್ಯವರ್ತಿ ತಪ್ಪುತ್ತೆ. ಸಿಗರೇಟ್ ಸೇದೋರು ದಯವಿಟ್ಟು ಈ ಕಾಲದಲ್ಲಿ ಈ ಕಡೆ ಬರಲೇಬೇಡಿ, ಸುತ್ತ ಇರೋದೆಲ್ಲ ಒಣಹುಲ್ಲು. ಅಲ್ಲಿಂದ ಮುಂದೆ ಮಂಚನಬೆಲೆಗೆ ಹೋಗೋ ಪ್ಲಾನ್ ಇದ್ರೆ ದಡದಲ್ಲೇ ಇರಿ. ನೀರು ಶಾಂತವಾಗಿ ಕಾಣುತ್ತೆ, ಎಷ್ಟೋ ಹುಡುಗರು ಅದನ್ನ ನಂಬಿ ವಾಪಸ್ ಬಂದಿಲ್ಲ.

ಕೊನೇ ಫೋಟೋ ಮಸುಕಾಗಿದೆ, ಆದ್ರೂ ಹಾಕಿದ್ದೀನಿ. ಕರೆಂಟ್ ತಂತಿ ಮೇಲೆ ಕೂತಿರೋದು ನೀಲಕಂಠ, ನಮ್ಮ ರಾಜ್ಯ ಪಕ್ಷಿ. ಕೂತಾಗ ಕಂದು ಬಣ್ಣ, ಕೊಯ್ದ ಹೊಲದ್ದೇ ಬಣ್ಣ, ಯಾರೂ ತಿರುಗಿ ನೋಡಲ್ಲ. ಹುಳ ಕಂಡು ಕೆಳಗೆ ಧುಮುಕುವಾಗ ರೆಕ್ಕೆ ಬಿಚ್ಚುತ್ತೆ ನೋಡಿ, ಆ ನೀಲಿ! ನಾಲ್ಕು ಸಲ ಪ್ರಯತ್ನ ಪಟ್ಟೆ, ನಾಲ್ಕು ಸಲವೂ ಬಂದಿದ್ದು ಬರೀ ತಂತಿ.

ನಿಮ್ಮ ಕಡೆ ಅರಿ, ಸಿವುಡು, ಮೆದೆಗೆಲ್ಲ ಏನಂತೀರಿ? ತುಮಕೂರು, ಹಾಸನ, ಕೋಲಾರದೋರು ಬೇರೆ ಬೇರೆ ಹೆಸರು ಹೇಳ್ತಾರೆ ಅಂತ ಕೇಳಿದ್ದೀನಿ. ಮನೇಲಿ ಅಜ್ಜಿ, ತಾತ ಇದ್ರೆ ಕೇಳಿ ಕಾಮೆಂಟಲ್ಲಿ ಬರೀರಿ, ಎಲ್ಲ ಸೇರಿಸಿ ಮುಂದಿನ ಪೋಸ್ಟಲ್ಲಿ ಹಾಕ್ತೀನಿ.

#ಕೆಂಗೇರಿ #ರಾಮೋಹಳ್ಳಿ #ರಾಗಿ #ಅವರೆಕಾಯಿ #ಖುಷ್ಕಿ